ಊಟದ ಸಾಲಿನಲ್ಲಿ ಭರ್ತಿಯಾದ ಫಾರ್ಮಿನವರಿಗೆ

ಗೆ,
ಮಾನ್ಯ ಮೌಲ್ಯಮಾಪನ ಫಾರ್ಮ್ ಮಹೋದಯರು,
(ಎರಡು ಬದಿ, ಹದಿನಾಲ್ಕು ಪ್ರಶ್ನೆ, ಕೊನೆಯಲ್ಲಿ ಸಹಿಗೆ ಜಾಗ)
‘ಅಫೀಮು ವರ್ಗದ ನೋವಿನ ಮದ್ದುಗಳನ್ನು ಸುರಕ್ಷಿತವಾಗಿ ಬರೆಯುವುದು ಹೇಗೆ’ ಎಂಬ ವೈದ್ಯರ ಮುಂದುವರಿಕೆ ಶಿಕ್ಷಣ ಶಿಬಿರ,
ಫೋರ್ಟ್, ಮುಂಬೈ.

ಮಾನ್ಯರೇ,

ಮಲಾಡಿನ ಒಂದು ಬಿಲ್ಡಿಂಗಿನ ತಳಮಹಡಿಯಲ್ಲಿ ಅಡಿಗೆಮನೆ ಇಟ್ಟುಕೊಂಡು, ಮದುವೆ, ಮುಂಜಿ, ಸಮ್ಮೇಳನ, ಷೇರುದಾರರ ಸಭೆ ಎಂಬ ಭೇದವಿಲ್ಲದೆ ಎಲ್ಲರಿಗೂ ಊಟ ಒದಗಿಸಿ ಬದುಕುವ ರಮಾನಾಥ ಕುಂದರ್ ಎಂಬ ನಾನು, ತಮ್ಮ ಮುಂಬದಿಗೊಂದು, ಹಿಂಬದಿಗೊಂದು ನಮಸ್ಕಾರ ಸಲ್ಲಿಸಿ ಮಾಡಿಕೊಳ್ಳುವ ಅರಿಕೆ ಏನೆಂದರೆ, ನಾನು ಕ್ಷೇಮ, ನನ್ನ ಅಕ್ಕ ಸದ್ಯಕ್ಕೆ ಕ್ಷೇಮ, ಮತ್ತು ಆ ‘ಸದ್ಯಕ್ಕೆ’ ಎಂಬುದು ಇನ್ನು ಒಂಬತ್ತು ದಿನಕ್ಕೆ ಮುಗಿಯಲಿದೆ. ಅಕ್ಕನ ಮಾತ್ರೆಯ ಡಬ್ಬಿಯಲ್ಲಿ ಉಳಿದಿರುವುದು ಅಷ್ಟೇ ದಿನದ ಮದ್ದು. ಹತ್ತನೆಯ ದಿನ ಏನಾಗಬೇಕೆಂಬುದು ತಮ್ಮ ಕೈಯಲ್ಲಿದೆಯಂತೆ. ಕೈಯೇ ಇಲ್ಲದ ತಮಗೆ ಇಷ್ಟು ದೊಡ್ಡ ಹೊಣೆ ಬಂದದ್ದಕ್ಕೆ ಮೊದಲು ನನ್ನ ಅಭಿನಂದನೆಗಳು.

ಫಾರ್ಮಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ತಾವು ಸಂಕೋಚಪಡಬಾರದು. ಶಿಬಿರ ನಡೆಸಿದ ವೈದ್ಯರ ಸಂಘದ ಅಧ್ಯಕ್ಷರಿಗೆ ನಾನು ಎರಡು ಸಲ ಬರೆದೆ. ಎರಡು ಸಲವೂ ಬಹಳ ಸೌಜನ್ಯದಿಂದ, ‘ಫಾರ್ಮಿನಲ್ಲಿ ಏನು ಬಂದಿದೆಯೋ ಅದೇ ಅಂತಿಮ, ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂಬ ಉತ್ತರ ಬಂತು. ಅಷ್ಟು ಓದಿದ ಅಷ್ಟು ಜನ ಡಾಕ್ಟರುಗಳು ತಮಗೆ ತಲೆಬಾಗುತ್ತಾರೆಂದ ಮೇಲೆ, ಅಡಿಗೆಯವನಾದ ನಾನು ಪೂಜಾರಿಗಳನ್ನು ಬಿಟ್ಟು ನೇರವಾಗಿ ದೇವರ ಹತ್ತಿರವೇ ಹೋಗುವುದು ಲೇಸೆಂದು ತೀರ್ಮಾನಿಸಿದೆ.

ನನ್ನ ಅಕ್ಕನ ಹೆಸರು ರಾಜೀವಿ. ವಯಸ್ಸು ಅರವತ್ತನಾಲ್ಕು. ಎದೆಯಲ್ಲಿ ಶುರುವಾದ ಕ್ಯಾನ್ಸರು ಈಗ ಬೆನ್ನುಮೂಳೆಗೆ ಬಂದು ಕೂತಿದೆ. ಉಡುಪಿಯ ಕಡಲ ಬದಿಯಿಂದ ನಾವಿಬ್ಬರೂ ಈ ಊರಿಗೆ ಬಂದು ಅಡಿಗೆ ವ್ಯವಹಾರ ಶುರುಮಾಡಿದಾಗ ಒಲೆಯ ಮುಂದೆ ನಿಂತವಳು ಅವಳೇ. ಈಗ ನಿಲ್ಲಲಾಗುವುದಿಲ್ಲ; ಆದರೂ ನಮ್ಮ ಅಡಿಗೆಮನೆಯಲ್ಲಿ ಒಂದು ಕಟ್ಟಳೆ ಉಂಟು. ಅಕ್ಕ ಮೂಸಿ ನೋಡಿ ತಲೆಯಾಡಿಸುವವರೆಗೆ ಹುರಿದ ಮಸಾಲೆ ಗ್ರೈಂಡರಿಗೆ ಬೀಳುವಂತಿಲ್ಲ. ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು, ಕೊತ್ತಂಬರಿ ಸೀದಿದೆ, ಮೆಂತ್ಯ ಹಸಿಯಾಗಿದೆ ಎಂದು ಆಕೆ ಅಡಿಗೆಯವರನ್ನು ಬೈಯುತ್ತಾಳೆ. ತಮ್ಮಲ್ಲಿ ಒಂದರಿಂದ ಐದರವರೆಗೆ ಅಂಕ ಕೊಡುವ ಪದ್ಧತಿ ಇರುವ ಹಾಗೆ ನಮ್ಮಲ್ಲಿಯೂ ಒಂದು ಅಳತೆ ಇದೆ: ಅಕ್ಕ ದಿನಕ್ಕೆ ಹತ್ತು ಸಲ ಬೈದರೆ ನೋವು ಕಡಿಮೆ, ಎರಡು ಸಲ ಬೈದರೆ ಜಾಸ್ತಿ, ಸುಮ್ಮನಿದ್ದರೆ ನಾವು ಒಲೆ ಆರಿಸಿ ಡಾಕ್ಟರಿಗೆ ಫೋನು ಮಾಡುತ್ತೇವೆ.

ಆ ಡಾಕ್ಟರು ಮುರ್ತುಜಾ. ವಿಜಯಪುರದ ಕಡೆಯವರು, ಮಲಾಡಿನಲ್ಲಿ ಇಪ್ಪತ್ತೆರಡು ವರ್ಷದ ದವಾಖಾನೆ, ನಮ್ಮ ಮನೆಯ ಮೂರು ತಲೆಮಾರಿನ ನಾಲಿಗೆ ನೋಡಿದವರು. ಆಸ್ಪತ್ರೆಯವರು ಹೇಳಿದಂತೆ ಅವರು ಅಕ್ಕನಿಗೆ ನಾಲ್ಕು ಗಂಟೆಗೊಂದು ಮಾರ್ಫಿನ್ ಮಾತ್ರೆ ಬರೆದುಕೊಡುತ್ತಿದ್ದರು. ಅದಕ್ಕೆ ಮುಂಚೆ ಹಾಸಿಗೆಯಲ್ಲಿ ಸೀಗಡಿಯಂತೆ ಮುರುಟಿಕೊಂಡಿದ್ದ ಅಕ್ಕ, ಒಂದು ವಾರದಲ್ಲಿ ಎದ್ದು ಕುಳಿತು ದಿನಕ್ಕೆ ಹದಿನಾಲ್ಕು ಸಲ ಬೈಯುವ ಮಟ್ಟಕ್ಕೆ ಬಂದಳು. ಅಷ್ಟರಲ್ಲಿ ತಮ್ಮ ಶಿಬಿರ ಬಂತು.

ಫೆಬ್ರವರಿಯ ಆ ಭಾನುವಾರ ಫೋರ್ಟಿನ ಸಭಾಗೃಹಕ್ಕೆ ಊಟ ಒದಗಿಸುವ ಭಾಗ್ಯ ನನಗೇ ಸಿಕ್ಕಿತು. ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಈ ಡಾಕ್ಟರರ ಶಿಬಿರಗಳಲ್ಲಿ ಎಂಬತ್ತು ಊಟ ಎಂದು ಹೇಳಿದರೆ ನೂರಾಮೂವತ್ತು ಜನ ತಟ್ಟೆ ಹಿಡಿಯುತ್ತಾರೆ. ಔಷಧಿ ಕಂಪನಿಯವರು, ಡಾಕ್ಟರರ ಡ್ರೈವರುಗಳು, ಪಕ್ಕದ ಸಭಾಗೃಹದಲ್ಲಿ ಊಟ ಸಪ್ಪೆಯಾಗಿ ಈ ಕಡೆ ಬಂದ ವಿಮಾ ಏಜೆಂಟರು, ಎಲ್ಲರೂ. ಇದನ್ನು ತಪ್ಪಿಸಲು ಸಂಘದ ಕಾರ್ಯದರ್ಶಿಗಳಿಗೆ ನಾನೇ ಒಂದು ಉಪಾಯ ಹೇಳಿದೆ: ಭರ್ತಿಯಾದ ಫಾರ್ಮ್ ಕೊಟ್ಟವರಿಗೆ ಮಾತ್ರ ತಟ್ಟೆ. ಅವರಿಗೆ ಆನಂದವಾಯಿತು, ಏಕೆಂದರೆ ಹಿಂದಿನ ವರ್ಷ ತಮ್ಮ ಅಣ್ಣಂದಿರಾದ ಫಾರ್ಮುಗಳು ಹತ್ತು ಕೂಡ ವಾಪಸು ಬಂದಿರಲಿಲ್ಲವಂತೆ. ಹೀಗೆ ನೀರುದೋಸೆ ಮತ್ತು ತೆಂಗಿನಕಾಯಿ ಅರೆದು ಮಾಡಿದ ಕೋಳಿಗಸಿಯ ಬಲದ ಮೇಲೆ ತಾವು ನೂರಕ್ಕೆ ನೂರು ಸಂಗ್ರಹವಾದಿರಿ. ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ಅಡಿಗೆಯವನಿಗೇ ಇಷ್ಟು ಸರಿಯಾಗಿ ತಾಗುತ್ತದೆಂದು ಆಗ ನನಗೆ ಹೊಳೆದಿರಲಿಲ್ಲ.

ಹನ್ನೆರಡೂ ಮುಕ್ಕಾಲಿಗೆ ಬೆಳಗಿನ ಉಪನ್ಯಾಸ ಮುಗಿದು, ಗಸಿಯ ಪಾತ್ರೆಯ ಮುಚ್ಚಳ ತೆರೆದಾಗ ತಾವು ಕಂಡ ಗೌರವವನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಂಬತ್ತಾರು ಜನ ಡಾಕ್ಟರುಗಳು ಸಾಲಿನಲ್ಲಿ ನಿಂತು, ಹಿಂದಿದ್ದವರು ಮುಂದಿದ್ದವರ ಬೆನ್ನಿನ ಮೇಲೆ ತಮ್ಮನ್ನು ಇಟ್ಟುಕೊಂಡು, ಎಲ್ಲ ಪ್ರಶ್ನೆಗೂ ‘ಅತ್ಯುತ್ತಮ’ ಎಂದು ಗೆರೆ ಎಳೆದರು. ಅದೇ ಸಾಲಿನಲ್ಲಿ ಡಾ. ಮುರ್ತುಜಾ ಕೂಡ ಇದ್ದರು. ತಮ್ಮ ಹನ್ನೊಂದನೆಯ ಪ್ರಶ್ನೆ, ‘ಮಧ್ಯಾಹ್ನದ ಉಪನ್ಯಾಸವು ತಮಗೆ ಎಷ್ಟು ಉಪಯುಕ್ತವಾಯಿತು?’ ಎಂಬುದಕ್ಕೂ ಎಂಬತ್ತಾರು ‘ಅತ್ಯುತ್ತಮ’ ಬಿತ್ತು. ಮಧ್ಯಾಹ್ನ ಇನ್ನೂ ಆಗಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕೇಳಿದ್ದೆ. ಕೂಸಿಗೆ ಮೊದಲ ಬಹುಮಾನವನ್ನೂ ಕೊಟ್ಟು ಮನೆಗೆ ಹೋಗುವವರನ್ನು ಕಂಡದ್ದು ಅಂದೇ ಮೊದಲು.

ಹೌದು, ಮನೆಗೆ ಹೋದರು. ಫಾರ್ಮ್ ಕೊಟ್ಟಾಯಿತು, ಹಾಜರಿ ಬಿತ್ತು, ಗಸಿ ಹೊಟ್ಟೆಗಿಳಿಯಿತು, ಭಾನುವಾರ ಬೇರೆ. ಎರಡು ಗಂಟೆಗೆ ಸಭಾಗೃಹದಲ್ಲಿ ಉಳಿದವರು ಒಂಬತ್ತು ಜನ, ಅದರಲ್ಲಿ ಮೂವರಿಗೆ ನಿದ್ದೆ. ಹತ್ತನೆಯವನು ನಾನು, ಹಿಂದಿನ ಬಾಗಿಲಲ್ಲಿ ಪಾತ್ರೆಗಳನ್ನು ಕಾಯುತ್ತ ನಿಂತವನು. ಬೆಳಗಿನ ಉಪನ್ಯಾಸವನ್ನೂ ನಾನು ಚಹಾ ಕೊಡುತ್ತ ಕೇಳಿದ್ದೆ. ದೂರದೇಶಗಳಲ್ಲಿ ಈ ಮದ್ದನ್ನು ಬೇಕಾಬಿಟ್ಟಿ ಬರೆದು ಎಷ್ಟೋ ಜನ ಚಟಕ್ಕೆ ಬಿದ್ದು ಸತ್ತ ಕಥೆ ಅದು. ಸುಳ್ಳೇನಲ್ಲ, ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಮಧ್ಯಾಹ್ನ, ಸಯನ್ನಿನಲ್ಲಿ ನೋವಿನ ಚಿಕಿತ್ಸೆ ಮಾಡುವ ಡಾ. ವಿಜೇತಾ ಎಂಬ ಹುಡುಗಿಯಂಥ ಡಾಕ್ಟರು ಉಳಿದರ್ಧ ಹೇಳಿದರು. ಯಾರಿಗೆ ಕೊಡಬಾರದೋ ಅವರಿಗೆ ಕೊಡಬೇಡಿ. ಕ್ಯಾನ್ಸರಿನ ನೋವಿಗೆ ಕೊಡಲು ಹೆದರಬೇಡಿ. ಎಷ್ಟು ಕೊಡಬೇಕು, ಜೊತೆಗೆ ಮಲಬದ್ಧತೆಗೆ ಏನು ಕೊಡಬೇಕು, ಮನೆಯಲ್ಲಿ ಎಲ್ಲಿ ಬೀಗ ಹಾಕಿ ಇಡಬೇಕು. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ತೆಗೆದುಕೊಳ್ಳುತ್ತಿರುವವರಿಗೆ ಒಮ್ಮೆಲೇ ನಿಲ್ಲಿಸಬೇಡಿ, ನಿಲ್ಲಿಸಿದರೆ ಬೆವರು, ಭೇದಿ, ನಡುಕ ಬರುತ್ತದೆ, ಅದು ಚಟವಲ್ಲ, ಮೈಯ ರೂಢಿ. ಹೀಗಾಗಿ ಆ ದಿನದ ಶಿಕ್ಷಣವನ್ನು ಆದಿಯಿಂದ ಅಂತ್ಯದವರೆಗೆ ಎಚ್ಚರದಿಂದ ಪೂರೈಸಿದ ಏಳು ಜನರಲ್ಲಿ ಒಬ್ಬನು ಅಡಿಗೆಯವನು. ಅವನಿಗೆ ಮಾತ್ರ ಪ್ರಮಾಣಪತ್ರ ಸಿಗಲಿಲ್ಲ.

ಡಾ. ಮುರ್ತುಜಾ ಅವರಿಗೆ ಸಿಕ್ಕಿತು. ಮುಂದಿನ ಗುರುವಾರ ನಾನು ಅಕ್ಕನ ಚೀಟಿಗೆ ಹೋದಾಗ ಅದು ಆಗಲೇ ಫ್ರೇಮು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಅದರ ಕೆಳಗೆ ಕುಳಿತು ಅವರು ಅಕ್ಕನಿಗೆ ಜ್ವರದ ಮಾತ್ರೆ, ಒಂದು ಎಣ್ಣೆ ಮತ್ತು ದೀರ್ಘ ಉಸಿರಾಟ ಬರೆದುಕೊಟ್ಟರು. ನಾನು ಮಾರ್ಫಿನ್ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

“ಕುಂದರ್ ಅವರ, ನನಗ ಅಂಜಿಕಿ ಆಗೇದ್ರಿ. ಆ ಭಾಷಣ ಕೇಳಿದ ಮ್ಯಾಲ ಆ ಹೆಸರು ಬರಿಲಿಕ್ಕೆ ಕೈನ ಏಳವಲ್ದು.”

ಬರೆಯುವುದು ಅಪಾಯವೆಂದು ಕಲಿತವರಿಗೆ ಬರೆಯದಿರುವುದಕ್ಕಿಂತ ಸುರಕ್ಷಿತವಾದ ಬರವಣಿಗೆ ಯಾವುದಿದೆ? ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರನ್ನು ಕಂಡು ಜನ ನಗುತ್ತಾರೆ. ಇಲ್ಲಿ ನೆಗಡಿ ಯಾವುದೋ ದೇಶದ್ದು, ಮೂಗು ನನ್ನ ಅಕ್ಕನದು. ಮಧ್ಯಾಹ್ನದ ಉಪನ್ಯಾಸದಲ್ಲಿ ಹೀಗೆ ಹೇಳಿದರಲ್ಲ ಸಾಹೇಬರೇ ಎಂದು ನಾನು ನಾಲ್ಕು ಮಾತು ಹೇಳಲು ಹೋದೆ. ಅವರು ಗೋಡೆ ನೋಡಿದರು, ನಾನೂ ಗೋಡೆ ನೋಡಿದೆ. ಪ್ರಮಾಣಪತ್ರ ಇದ್ದವರಿಗೆ ಗಸಿ ಮಾಡುವವನು ಪಾಠ ಹೇಳಿದರೆ ಯಾರು ಕೇಳುತ್ತಾರೆ? ನಾನಾದರೂ ಕೇಳುತ್ತಿದ್ದೆನೇ, ನನ್ನ ಒಲೆಯ ಮುಂದೆ ನಿಂತು ಡಾಕ್ಟರೊಬ್ಬರು ಮಸಾಲೆ ಹುರಿಯುವುದು ಹೇಳಿಕೊಟ್ಟರೆ?

ಮಾತ್ರೆ ಮುಗಿದ ಮರುದಿನವೇ ಅಕ್ಕನಿಗೆ ಮೂಗು ಸೋರಿ, ಮೈಯೆಲ್ಲ ಬೆವತು, ಹೊಟ್ಟೆ ತೊಳಸಿ, ಕಾಲು ಒಂದು ಕಡೆ ನಿಲ್ಲದಾಯಿತು, ಅದರ ಮೇಲೆ ಬೆನ್ನಿನ ನೋವು. ಡಾಕ್ಟರು ತಾವಾಗಿ ಮನೆಗೆ ಬಂದು ನೋಡಿ, ನೋಡಿದಿರಾ, ಬಿಡಿಸಿದ ಕೂಡಲೇ ಹೀಗಾಯಿತೆಂದರೆ ಚಟ ಹತ್ತಿತ್ತೆಂದೇ ಅರ್ಥ, ಸರಿಯಾದ ಹೊತ್ತಿಗೆ ನಿಲ್ಲಿಸಿದೆವು ಎಂದು ನನ್ನನ್ನು ಸಮಾಧಾನ ಮಾಡಿದರು. ಅವರು ಹೋದ ಮೇಲೆ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿ ಒಂದೇ ಮಾತು ಕೇಳಿದಳು.

“ರಮಾ, ನಾನು ಚಟಕ್ಕೆ ತಿಂತಾ ಇದ್ದೆ ಅಂತ ಅವ್ರಿಗೆ ಕಂಡದ್ದಾ?”

ಮೀನುಪೇಟೆಯಲ್ಲಿ ಎಂಥೆಂಥ ಬಾಯಿಗಳಿಗೂ ಉತ್ತರ ಕೊಟ್ಟ ಹೆಂಗಸು ಹಾಗೆ ಕೇಳಿದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ, ನಾನು ಹೊರಗೆ ಹೋಗಿ ಅತ್ತೆ. ಹನ್ನೊಂದು ದಿನ ನಮ್ಮ ಅಡಿಗೆಮನೆಯಲ್ಲಿ ಯಾರೂ ಬೈಸಿಕೊಳ್ಳಲಿಲ್ಲ. ಹನ್ನೊಂದು ದಿನ ಮಸಾಲೆಯನ್ನು ನಾನೇ ಮೂಸಿ ಗ್ರೈಂಡರಿಗೆ ಹಾಕಿದೆ. ಗಿರಾಕಿಗಳು ಏನೋ ಕಡಿಮೆಯಾಗಿದೆ ಎಂದರು. ಇದಕ್ಕೆ ಡಾಕ್ಟರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಅವರು ಅರ್ಧ ಪಾಠ ಕೇಳಿ ಎದ್ದು ಹೋದರು, ನಿಜ. ಆದರೆ ಆ ಅರ್ಧದಲ್ಲಿ ತಟ್ಟೆ ಕೊಟ್ಟು ಗಸಿ ಬಡಿಸಿ, ಫಾರ್ಮ್ ಇಸಿದುಕೊಂಡು, ಹೋಗಿ ಬನ್ನಿ ಎಂದು ಕೈಮುಗಿದವನು ನಾನು.

ಕೊನೆಗೆ ಅಕ್ಕನನ್ನು ಟ್ಯಾಕ್ಸಿಯಲ್ಲಿ ಮಲಗಿಸಿಕೊಂಡು ಸಯನ್ನಿಗೆ, ಡಾ. ವಿಜೇತಾ ಅವರ ಬಳಿಗೆ ಹೋದೆ. ಆ ದಿನ ಹಿಂದಿನ ಬಾಗಿಲಲ್ಲಿ ನಿಂತಿದ್ದ ನನ್ನ ಗುರುತು ಅವರಿಗಿತ್ತು. ಕಣ್ಣು ತೆರೆದು ಕೇಳಿದವರು ಅಷ್ಟು ಕಡಿಮೆ ಇದ್ದರು. ಅವರ ಹಿರಿಯರು ಕುಂದಾಪುರದವರಾದರೂ ಅವರು ಹುಟ್ಟಿದ್ದು ಇಲ್ಲೇ.

“ಅಂಕಲ್, ನನ್ನ ಕನ್ನಡ ಥೋಡಾ ಕಚ್ಚಾ ಉಂಟು, ಸಾರಿ. ಆಂಟಿ ಅಡಿಕ್ಟ್ ಅಲ್ಲ. ಆಂಟಿಗೆ ನೋವು ಉಂಟು, ಬಸ್.”

ಆ ಕಚ್ಚಾ ಕನ್ನಡಕ್ಕಿಂತ ಪಕ್ಕಾ ಕನ್ನಡವನ್ನು ನಾನು ಇತ್ತೀಚೆಗೆ ಕೇಳಿಲ್ಲ. ಅವರು ಅಲ್ಲಿಂದಲೇ ಡಾ. ಮುರ್ತುಜಾ ಅವರಿಗೆ ಫೋನು ಮಾಡಿ, ಮಧ್ಯಾಹ್ನದ ಉಪನ್ಯಾಸವನ್ನು ಇಪ್ಪತ್ತು ನಿಮಿಷದಲ್ಲಿ ಮತ್ತೊಮ್ಮೆ ಮಾಡಿದರು, ಈ ಸಲ ಒಬ್ಬ ಕೇಳುಗನಿಗೆ. ಡಾ. ಮುರ್ತುಜಾ ದೊಡ್ಡ ಮನುಷ್ಯ. ಅದೇ ಸಂಜೆ ಮನೆಗೆ ಬಂದು ಅಕ್ಕನ ಮಂಚದ ಬಳಿ ನಿಂತು, ತಪ್ಪಾಗೇದ ಅಕ್ಕಾರ ಎಂದು ಹೇಳಿ ಚೀಟಿ ಬರೆದರು. ನಾಲ್ಕನೆಯ ದಿನ ಅಕ್ಕ ಸ್ಟೂಲಿನ ಮೇಲೆ ಕುಳಿತು, ಹನ್ನೊಂದು ದಿನದ ಬಾಕಿ ಬೈಗುಳವನ್ನೆಲ್ಲ ಒಂದೇ ಬೆಳಿಗ್ಗೆ ಚುಕ್ತಾ ಮಾಡಿದಳು.

ಇಲ್ಲಿಗೆ ಈ ಪತ್ರ ಧನ್ಯವಾದಗಳೊಂದಿಗೆ ಮುಗಿಯಬೇಕಿತ್ತು. ಆದರೆ ಮೂರು ತಿಂಗಳ ಬಳಿಕ ತಮ್ಮ ಕಿರಿಯ ಸಹೋದರರು, ‘ಅನುಸರಣಾ ಫಾರ್ಮ್’ ಎಂಬವರು, ಎಲ್ಲ ಡಾಕ್ಟರರ ಮನೆಗೂ ದಯಮಾಡಿಸಿದರು. ಈ ವರ್ಗದ ಮದ್ದನ್ನು ಈಗ ಎಷ್ಟು ಮಂದಿಗೆ ಬರೆಯುತ್ತಿದ್ದೀರಿ ಎಂಬುದು ಅವರಲ್ಲಿದ್ದ ಒಂದೇ ಪ್ರಶ್ನೆ. ಯಾರಿಗೆ, ಏಕೆ, ಅವರ ನೋವು ಹೇಗಿದೆ ಎಂಬ ಚಿಲ್ಲರೆ ವಿಚಾರಗಳಿಗೆ ಅವರು ಇಳಿಯಲಿಲ್ಲ. ಉತ್ತರಗಳನ್ನು ಕೂಡಿಸಿ ಸಂಘದವರು ಬಣ್ಣದ ವರದಿಯನ್ನು ಅಚ್ಚು ಹಾಕಿಸಿ, ಊಟಕ್ಕೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂದದ್ದರಿಂದ ಕೃತಜ್ಞತಾಪೂರ್ವಕವಾಗಿ ನನಗೂ ಒಂದು ಪ್ರತಿ ಕಳಿಸಿದರು. ಶಿಬಿರಕ್ಕೆ ಮುಂಚೆ ನೂರಾನಲವತ್ತು ರೋಗಿಗಳಿಗೆ ಬರೆಯುತ್ತಿದ್ದವರು ಈಗ ಬರೆಯುತ್ತಿರುವುದು ಹನ್ನೊಂದು ಜನಕ್ಕೆ, ಆದ್ದರಿಂದ ಶಿಬಿರ ಅಭೂತಪೂರ್ವ ಯಶಸ್ಸು ಎಂದು ಅದರಲ್ಲಿದೆ. ಉಳಿದವರಲ್ಲಿ ಸುಮ್ಮನೆ ಸೊಂಟ ಹಿಡಿದದ್ದಕ್ಕೆ ನುಂಗುತ್ತಿದ್ದವರೂ ಇರಬಹುದು, ಅವರಿಗೆ ನಿಂತದ್ದು ಒಳ್ಳೆಯದೇ. ಆದರೆ ಅವರಲ್ಲಿ ಎಷ್ಟು ಜನ ಗೋಡೆಯ ಕಡೆ ತಿರುಗಿ ಮಲಗಿದ್ದಾರೆಂದು ವರದಿಯ ಮೂವತ್ತೆರಡು ಪುಟದಲ್ಲಿ ಹುಡುಕಿದೆ. ಸಿಗಲಿಲ್ಲ.

ಆರನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ: ‘ನಿಲ್ಲಿಸಿ ಮತ್ತೆ ಆರಂಭಿಸಿದ ಪ್ರಕರಣ: ಒಂದು. ಶಿಬಿರದ ಪ್ರಭಾವ ಉಳಿಯಲಿಲ್ಲ. ಸಂಬಂಧಪಟ್ಟ ವೈದ್ಯರಿಗೆ ಮರುತರಬೇತಿ ಸೂಚಿಸಲಾಗಿದೆ.’ ಎಂಬತ್ತಾರು ಜನರಲ್ಲಿ, ನಿಲ್ಲಿಸಿದ್ದೆ, ಮತ್ತೆ ಬರೆದೆ ಎಂದು ಆ ಫಾರ್ಮಿನ ಅಂಚಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದ ಮನುಷ್ಯ ಡಾ. ಮುರ್ತುಜಾ, ಮತ್ತು ತಮ್ಮ ಪೂರ್ಣ ವಂಶಾವಳಿಯಲ್ಲಿ ನಪಾಸಾದವರೂ ಅವರೊಬ್ಬರೇ. ಸಂಘದ ಪತ್ರ ತಲುಪಿದ ದಿನ ಅವರು ಫೋನು ಮಾಡಿ, ನನ್ನ ಹೆಸರು ಕೆಟ್ಟ ಪಟ್ಟಿಯಲ್ಲಿ ಬಂದಿದೆ, ಮುಂದಿನ ಚೀಟಿ ಬರೆಯುವುದೋ ಬೇಡವೋ ತಿಳಿಯುತ್ತಿಲ್ಲ, ಫಾರ್ಮಿನವರು ಒಪ್ಪಿದರೆ ಬರೆದೇನು ಎಂದರು. ಒಂಬತ್ತು ದಿನದ ಲೆಕ್ಕ ಶುರುವಾದದ್ದು ಹೀಗೆ. ಡಾ. ವಿಜೇತಾ ಅವರಲ್ಲಿಗೇ ಹೋಗಬಾರದೇ ಎಂದು ತಾವು ಕೇಳಬಹುದು. ಹೋಗುತ್ತೇನೆ. ಆದರೆ ಮಲಾಡಿನಿಂದ ಸಯನ್ನಿನವರೆಗಿನ ಒಂದೊಂದು ಗುಂಡಿಯೂ ಅಕ್ಕನ ಬೆನ್ನುಮೂಳೆಗೆ ಗೊತ್ತು, ಮತ್ತು ಡಾ. ಮುರ್ತುಜಾ ಅವರ ದವಾಖಾನೆ ನಮ್ಮ ಬಿಲ್ಡಿಂಗಿನಿಂದ ಎಂಬತ್ತು ಹೆಜ್ಜೆ.

ಆದ್ದರಿಂದ ತಮ್ಮಲ್ಲಿ ನನ್ನ ಸಣ್ಣಪುಟ್ಟ ಪ್ರಾರ್ಥನೆಗಳಿವೆ. ಮುಂದಿನ ಶಿಬಿರದಲ್ಲಿ ಯಾರಾದರೂ ಹನ್ನೆರಡೂ ಮುಕ್ಕಾಲಿಗೆ ತಮ್ಮ ಹನ್ನೊಂದನೆಯ ಪ್ರಶ್ನೆಗೆ ಗೆರೆ ಎಳೆಯಲು ಬಂದರೆ ದಯವಿಟ್ಟು ಶಾಯಿ ಹಿಡಿಸಿಕೊಳ್ಳಬೇಡಿ. ತಮಗೆ ಈಗಿರುವ ಎರಡು ಬದಿಗಳ ಜೊತೆಗೆ ಮೂರನೆಯದೊಂದನ್ನು ಬೆಳೆಸಿಕೊಂಡು, ಅದರಲ್ಲಿ ಡಾಕ್ಟರರ ಎದುರು ಕೂರುವವರಿಗೂ ಒಂದು ಪ್ರಶ್ನೆ ಕೇಳಲು ಸಾಧ್ಯವೇ ನೋಡಿ. ಏರ್ ಕಂಡೀಷನ್ ಹೇಗಿತ್ತು ಎಂಬ ನಾಲ್ಕನೆಯ ಪ್ರಶ್ನೆಯನ್ನು ತೆಗೆದರೂ ಸಾಕಷ್ಟು ಜಾಗವಾಗುತ್ತದೆ. ಬಿಡುವಿದ್ದರೆ ಒಮ್ಮೆ ಚರ್ಚ್‌ಗೇಟಿನಿಂದ ಲೋಕಲ್ ಹಿಡಿದು ಮಲಾಡಿಗೆ ಬನ್ನಿ. ಸಂಜೆಯ ಹೊತ್ತು ಬೇಡ, ಆ ನೂಕುನುಗ್ಗಲಿನಲ್ಲಿ ತಾವು ಹರಿಯುತ್ತೀರಿ. ಬೆಳಿಗ್ಗೆ ಹತ್ತರ ಸುಮಾರಿಗೆ ಬಂದು ಅಕ್ಕನ ಪಕ್ಕ ಒಂದು ಗಂಟೆ ಕುಳಿತು, ಎಷ್ಟು ಸಲ ಬೈಯುತ್ತಾಳೆಂದು ಎಣಿಸಿಕೊಳ್ಳಿ. ಮತ್ತು ಕೊನೆಯದಾಗಿ, ಡಾ. ಮುರ್ತುಜಾ ಅವರಿಗೆ ತಮ್ಮ ಕಡೆಯಿಂದ ಎರಡು ಸಾಲು ಬರೆಯಿರಿ: ಹೆದರಿಕೆ ಅರ್ಧ ಪಾಠ, ಎದ್ದು ಹೋದವರಲ್ಲಿ ಉಳಿದರ್ಧ ಕಲಿತವರು ಅವರೊಬ್ಬರೇ ಎಂದು.

ಇಷ್ಟೆಲ್ಲ ತಮ್ಮಿಂದ ಆಗದಿದ್ದರೆ ಒಂದು ತಿದ್ದುಪಡಿಯಾದರೂ ಮಾಡಿ. ಆರನೆಯ ಪುಟದಲ್ಲಿ ‘ಪ್ರಕರಣ: ಒಂದು’ ಎಂದಿರುವಲ್ಲಿ ಹೆಸರು ಹಾಕಿಸಿ. ಆ ಪ್ರಕರಣ ಈ ದಿನ ಮಧ್ಯಾಹ್ನ ಎರಡು ತುತ್ತು ಅನ್ನ ಹೆಚ್ಚು ಉಂಡಿತು. ಊಟವಾದ ಮೇಲೆ, ಈ ಪತ್ರ ಯಾರಿಗೆಂದು ಕೇಳಿ ತಿಳಿದುಕೊಂಡು, ಬುದ್ಧಿ ಉಂಟಾ ನಿನಗೆ, ಕಾಗದಕ್ಕೆ ಯಾರಾದರೂ ಕಾಗದ ಬರೆಯುತ್ತಾರಾ ಎಂದು ನನ್ನನ್ನು ಬೈಯಿತು. ಇನ್ನು ಒಂಬತ್ತು ದಿನ ಹೀಗೆ ಬೈಸಿಕೊಳ್ಳುವುದು ಖಾತ್ರಿಯಿದೆ. ಅದಕ್ಕಿಂತ ಒಂದು ದಿನ ಹೆಚ್ಚು ಬೇಕೆಂಬುದೇ ನನ್ನ ದೂರು.

ಇತಿ, ತಮ್ಮ ಎಲ್ಲ ಖಾಲಿ ಜಾಗಗಳಿಗೂ ಶುಭ ಕೋರುತ್ತ,

ತಮ್ಮ ವಿಶ್ವಾಸಿ,
ರಮಾನಾಥ ಕುಂದರ್
ಮಲಾಡ್, ಮುಂಬೈ

ತಾ.ಕ.: ನಪಾಸಾದವರು ಒಬ್ಬರೇ ಆದರೂ ಎಲ್ಲ ಡಾಕ್ಟರರನ್ನೂ ಕರೆದಿರುವ ಬರುವ ಭಾನುವಾರದ ಮರುತರಬೇತಿ ಶಿಬಿರಕ್ಕೂ ಊಟ ನನ್ನದೇ. ಫಾರ್ಮ್ ಕೊಟ್ಟವರಿಗೆ ಮಾತ್ರ ತಟ್ಟೆ ಎಂಬ ನಿಯಮ ಮುಂದುವರಿಯಲಿ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ, ನಾನು ಸಂತೋಷದಿಂದ ಒಪ್ಪಿದ್ದೇನೆ. ಬೆಳಿಗ್ಗೆ ಉಪ್ಪಿಟ್ಟು ಧಾರಾಳವಾಗಿ ಕೊಡುತ್ತೇನೆ, ಹಸಿವಿನಿಂದ ಯಾರೂ ಬೀಳುವುದಿಲ್ಲ. ಆದರೆ ಗಸಿಯ ಪಾತ್ರೆಯ ಮುಚ್ಚಳ, ಈ ಸಲವೂ ಕೊನೆಗಿರುವ ಡಾ. ವಿಜೇತಾ ಅವರ ಉಪನ್ಯಾಸ ಮುಗಿದು ಕೊನೆಯ ಪ್ರಶ್ನೆಗೆ ಉತ್ತರ ಆಗುವವರೆಗೆ ತೆರೆಯುವುದಿಲ್ಲ. ಅಲ್ಲಿಯವರೆಗೆ ಸಭಾಗೃಹದೊಳಗೆ ಪರಿಮಳ ಮಾತ್ರ ಬರುತ್ತಿರುವಂತೆ ವ್ಯವಸ್ಥೆ ಮಾಡಿದ್ದೇನೆ. ಪರಿಮಳದ ಬಗ್ಗೆ ತಮ್ಮಲ್ಲಿ ಪ್ರಶ್ನೆ ಇಲ್ಲದಿರುವುದರಿಂದ, ಯಾರಿಗೆ ಎಷ್ಟು ನೋವಾದರೂ ಅದು ವರದಿಯಲ್ಲಿ ಬರಲಾರದು.